ಗಾಳಿ ಮಳೆಯ ದಿನ ಸಣ್ಣ ದೋಣಿಯಲ್ಲಿ ಬಾಸ್ ಮೀನು ಹಿಡಿಯುವುದು: ಹಂತ ಹಂತದ ಮಾರ್ಗದರ್ಶಿ

ಗಾಳಿ ಬೀಸುತ್ತಿರುವಾಗ, ಮೋಡ ಕವಿದಿರುವಾಗ, ಮಳೆ ಹನಿಯುತ್ತಿರುವಾಗ ಸಣ್ಣ ದೋಣಿಯಲ್ಲಿ ಬಾಸ್ ಹಿಡಿಯಲು ಹೋಗಬಹುದೇ, ಹೋದರೆ ದೋಣಿಯನ್ನು ಹೇಗೆ ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಪ್ರಶ್ನೆ ಸಹಜವಾದದ್ದೇ. ಬಾಸ್ ಮೀನು ಚುರುಕಾಗಿ ಬೇಟೆಯಾಡುವ ದಿನಗಳಲ್ಲಿ ಬಹಳಷ್ಟು ಇಂಥ ದಿನಗಳೇ ಆಗಿರುತ್ತವೆ, ಸಣ್ಣ ದೋಣಿ ಮಗುಚುವ ದಿನಗಳೂ ಇವೇ. ಮೂರೂವರೆಯಿಂದ ಐದು ಮೀಟರ್ ಉದ್ದದ, ಒಬ್ಬರು ಅಥವಾ ಇಬ್ಬರು ಕೂರುವ ದೋಣಿಯನ್ನೂ, ಕೆರೆ, ಸರೋವರ ಮತ್ತು ಜಲಾಶಯದಂಥ ಸಿಹಿನೀರನ್ನೂ ಗಮನದಲ್ಲಿಟ್ಟುಕೊಂಡು ಈ ಲೇಖನವನ್ನು ಬರೆದಿದ್ದೇನೆ. ಇಲ್ಲಿ ಬಾಸ್ ಎಂದರೆ ಅಗಲ ಬಾಯಿಯ ಲಾರ್ಜ್‌ಮೌತ್ ಮತ್ತು ಅದರ ಹತ್ತಿರದ ಸಂಬಂಧಿಯಾದ ಸ್ಮಾಲ್‌ಮೌತ್. ಕಡಲಿನ ಬಾಸ್ ಬೇರೆಯೇ ಮೀನು, ಅದರ ಬೇಟೆಯ ಕ್ರಮವೂ ಬೇರೆ.

ಕೆಟ್ಟ ಹವೆಯಲ್ಲಿ ಬಾಸ್ ಏಕೆ ಸಿಗುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ಹಂತಗಳು ಸುಲಭವಾಗಿ ಅರ್ಥವಾಗುತ್ತವೆ. ಗಾಳಿ ಮೇಲ್ಪದರದ ನೀರನ್ನು ಒಂದು ದಡದ ಕಡೆಗೆ ತಳ್ಳುತ್ತದೆ. ಆ ನೀರಿನೊಡನೆ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜೀವಿಗಳು ತೇಲಿಬರುತ್ತವೆ, ಅವುಗಳನ್ನು ತಿನ್ನಲು ಸಣ್ಣ ಮೀನುಗಳು ಬರುತ್ತವೆ, ಅವುಗಳ ಹಿಂದೆಯೇ ಬಾಸ್ ಬರುತ್ತದೆ. ಅಲೆಗಳು ನೀರಿನ ಮೇಲ್ಮೈಯನ್ನು ಕದಡಿ ಒಳಗಿಳಿಯುವ ಬೆಳಕನ್ನು ಚದುರಿಸುವುದರಿಂದ, ಹೊಂಚುಹಾಕಿ ಹಿಡಿಯುವ ಈ ಮೀನಿಗೆ ತನ್ನ ಬೇಟೆಯ ಕಣ್ಣು ತಪ್ಪಿಸುವುದು ಸುಲಭವಾಗುತ್ತದೆ. ದಡದಲ್ಲಿ ಅಥವಾ ದೋಣಿಯಲ್ಲಿ ಇರುವ ನೀವೂ ಅದಕ್ಕೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಹೀಗೆ ಮೀನನ್ನು ದಡಕ್ಕೆ ಒತ್ತುವ ಗಾಳಿಯೇ ನಿಮ್ಮ ದೋಣಿಯನ್ನೂ ಅದೇ ದಡದ ಬಂಡೆಗಳಿಗೆ ಒತ್ತುತ್ತದೆ. ಆದ್ದರಿಂದ ಇಂಥ ದಿನ ಮೊದಲು ದೋಣಿ ಹಿಡಿತಕ್ಕೆ ಬರಬೇಕು, ಗಾಳ ಎಸೆಯುವುದು ಆಮೇಲೆ. ಈ ಕ್ರಮ ಯಾವ ಕಾರಣಕ್ಕೂ ಹಿಂದುಮುಂದಾಗಬಾರದು.

ಬೇಕಾಗುವ ಸಾಮಗ್ರಿ

ಮೊದಲನೆಯದು ಲೈಫ್ ಜಾಕೆಟ್, ಅಂದರೆ ನೀರಿನಲ್ಲಿ ನಿಮ್ಮನ್ನು ತೇಲಿಸಿಡುವ ಅಂಗಿ. ಅದು ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು. ಅಮೆರಿಕದ ಕೋಸ್ಟ್ ಗಾರ್ಡ್ ಪ್ರತಿ ವರ್ಷ ಪ್ರಕಟಿಸುವ ದೋಣಿ ಅಪಘಾತಗಳ ಅಂಕಿಅಂಶಗಳಲ್ಲಿ, ಮುಳುಗಿ ಸತ್ತವರ ಪೈಕಿ ಐವರಲ್ಲಿ ನಾಲ್ವರು ಲೈಫ್ ಜಾಕೆಟ್ ಧರಿಸಿರಲಿಲ್ಲ ಎಂಬುದು ವರ್ಷದಿಂದ ವರ್ಷಕ್ಕೆ ಕಂಡುಬರುವ ಸಂಗತಿ. ಒಳಗೆ ಸ್ಪಂಜಿನಂಥ ತುಂಬು ಇರುವ ಜಾಕೆಟ್ ದಪ್ಪಗಿದ್ದರೂ ನಂಬಿಕೆಗೆ ಅರ್ಹ. ಗ್ಯಾಸ್ ತುಂಬಿ ಉಬ್ಬುವ ತೆಳು ಜಾಕೆಟ್ ಎಸೆತಕ್ಕೆ ಅಡ್ಡಿಯಾಗುವುದಿಲ್ಲವಾದರೂ ಉಬ್ಬುವವರೆಗೆ ಅದರಲ್ಲಿ ತೇಲುವ ಶಕ್ತಿಯೇ ಇರುವುದಿಲ್ಲ. ಅದನ್ನೇ ಬಳಸುವುದಾದರೆ ಒಳಗಿನ ಗ್ಯಾಸ್ ಸಿಲಿಂಡರ್ ಬಿಗಿಯಾಗಿದೆಯೇ, ಈಗಾಗಲೇ ಖರ್ಚಾಗಿದೆಯೇ ಎಂದು ಪ್ರತಿ ಸಲವೂ ನೋಡಿಕೊಳ್ಳಬೇಕು.

ಉಳಿದವು ಇವು: ಒಂದು ಜೊತೆ ಹುಟ್ಟು, ನೀರು ಮೊಗೆದು ಹಾಕಲು ಹಗ್ಗ ಕಟ್ಟಿದ ಬಕೆಟ್, ಲಂಗರು ಮತ್ತು ಉದ್ದನೆಯ ಹಗ್ಗ, ಡ್ರಿಫ್ಟ್ ಸಾಕ್ ಎಂದು ಕರೆಯುವ ನೀರು ತುಂಬುವ ಬಟ್ಟೆಚೀಲ, ಸೀಟಿ, ನೀರು ಹೋಗದ ಚೀಲದಲ್ಲಿಟ್ಟ ಮೊಬೈಲ್, ಟಾರ್ಚ್, ಉದ್ದ ಮೂತಿಯ ಇಕ್ಕಳ, ಗಾಳದ ಕೊಕ್ಕೆಯನ್ನು ಕತ್ತರಿಸಬಲ್ಲ ಗಟ್ಟಿ ಕಟರ್ ಮತ್ತು ಬಣ್ಣವಿಲ್ಲದ ಗಾಜಿನ ಕನ್ನಡಕ. ಕನ್ನಡಕವನ್ನು ಅನೇಕರು ಅನಗತ್ಯವೆಂದುಕೊಳ್ಳುತ್ತಾರೆ. ಎದುರುಗಾಳಿಗೆ ಸಿಕ್ಕಿ ಹಿಂದಕ್ಕೆ ತಿರುಗಿ ಬರುವ ಮೂರು ಮೊನೆಯ ಕೊಕ್ಕೆ ಎಲ್ಲಿ ತಾಗಬಹುದೆಂದು ಯೋಚಿಸಿದರೆ ಅದರ ಅಗತ್ಯ ತಿಳಿಯುತ್ತದೆ. ಮೊಬೈಲ್ ಮತ್ತು ಸೀಟಿ ನಿಮ್ಮ ಮೈಮೇಲೆಯೇ ಇರಲಿ. ದೋಣಿ ಮಗುಚಿದಾಗ ಸಾಮಾನುಪೆಟ್ಟಿಗೆಯಲ್ಲಿರುವ ಮೊಬೈಲ್‌ನಿಂದ ಪ್ರಯೋಜನವಿಲ್ಲ.

ಬಟ್ಟೆಯ ವಿಷಯದಲ್ಲಿ ಒಂದೇ ಮಾತು: ನೆನೆದ ಹತ್ತಿ ಮೈಯ ಬಿಸಿಯನ್ನು ಹೀರಿಬಿಡುತ್ತದೆ, ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆ ನೆನೆದರೂ ಸ್ವಲ್ಪ ಬಿಸಿಯನ್ನು ಉಳಿಸಿಕೊಡುತ್ತದೆ.

ಹಂತ 1: ಹಿಂದಿನ ಸಂಜೆಯೇ ಮುನ್ಸೂಚನೆ ನೋಡಿ ಮಿತಿಯನ್ನು ನಿಗದಿಪಡಿಸಿಕೊಳ್ಳಿ

ಹವಾಮಾನದ ಮುನ್ಸೂಚನೆಯಲ್ಲಿ ಹೆಚ್ಚಿನವರು ಗಾಳಿಯ ಸರಾಸರಿ ವೇಗವನ್ನಷ್ಟೇ ನೋಡುತ್ತಾರೆ. ಸಣ್ಣ ದೋಣಿಯವರಿಗೆ ಅದಕ್ಕಿಂತ ಮುಖ್ಯವಾದದ್ದು ಬಿರುಬೀಸಿನ ವೇಗ, ಅಂದರೆ ನಡುನಡುವೆ ಕೆಲವು ಕ್ಷಣ ಜೋರಾಗಿ ನುಗ್ಗುವ ಗಾಳಿಯ ವೇಗ. ಗಾಳಿಯ ಒತ್ತುಬಲ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ದೋಣಿಯ ಮೇಲೆ ಬೀಳುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 15 ಕಿ.ಮೀ. ಗಾಳಿಯಲ್ಲಿ ನಿರಾಯಾಸವಾಗಿ ನಿಂತ ದೋಣಿ 30 ಕಿ.ಮೀ. ಬೀಸಿಗೆ ಏಕಾಏಕಿ ಕೈಮೀರುವುದು ಇದರಿಂದಲೇ.

ಗಾಳಿಯ ಬಲವನ್ನು ಅಳೆಯಲು ಬ್ಯೂಫೋರ್ಟ್ ಮಾಪಕವೆಂಬ ಹಳೆಯ ಕ್ರಮವೊಂದಿದೆ. ಯಾವ ಉಪಕರಣವೂ ಇಲ್ಲದೆ ನೀರನ್ನು ನೋಡಿಯೇ ಗಾಳಿಯನ್ನು ಅಂದಾಜಿಸಲು ಅದು ಸಹಾಯಕ. ಅದರ 3ನೇ ದರ್ಜೆಯಲ್ಲಿ, ಅಂದರೆ ಗಂಟೆಗೆ 12ರಿಂದ 19 ಕಿ.ಮೀ. ಗಾಳಿಯಲ್ಲಿ, ಅಲೆಗಳ ತುದಿ ಅಲ್ಲೊಂದು ಇಲ್ಲೊಂದು ಒಡೆದು ಬಿಳಿ ನೊರೆ ಕಾಣಿಸುತ್ತದೆ. 4ನೇ ದರ್ಜೆಯಲ್ಲಿ, 20ರಿಂದ 28 ಕಿ.ಮೀ. ವೇಗದಲ್ಲಿ, ನೊರೆ ಮೇಲಿಂದ ಮೇಲೆ ಕಾಣುತ್ತದೆ. 5ನೇ ದರ್ಜೆಯಲ್ಲಿ, 29ರಿಂದ 38 ಕಿ.ಮೀ. ವೇಗದಲ್ಲಿ, ಎಲ್ಲಿ ನೋಡಿದರೂ ನೊರೆಯೇ. ನನ್ನ ಸಲಹೆ ಹೀಗಿದೆ: ಮೂರನೆಯದು ಬಾಸ್ ಬೇಟೆಗೆ ಹೇಳಿಮಾಡಿಸಿದ ಗಾಳಿ. ನಾಲ್ಕನೆಯದರಲ್ಲಿ ಅನುಭವಿಗಳು ಮಾತ್ರ, ಅದೂ ದಡಕ್ಕೆ ಹತ್ತಿರವಿರುವ ಮರೆಯ ನೀರಿನಲ್ಲಿ ಇರಬೇಕು. ಐದನೆಯದಕ್ಕೆ ಸಣ್ಣ ದೋಣಿ ನೀರಿನ ಮೇಲಿರಲೇಬಾರದು.

ಈ ಮಿತಿಯನ್ನು ಮನೆಯಲ್ಲೇ ನಿರ್ಧರಿಸಿ, ಜೊತೆಗೆ ಬರುವವರಿಗೂ ತಿಳಿಸಿಬಿಡಿ. ನೀರಿಗಿಳಿದ ಮೇಲೆ, ಮೀನು ಕಚ್ಚುತ್ತಿರುವಾಗ, ಇನ್ನೊಂದೇ ಒಂದು ಎಸೆತ ಎಂಬ ಆಸೆ ಆ ನಿರ್ಧಾರವನ್ನು ಕೈಗೊಳ್ಳಲು ಬಿಡುವುದಿಲ್ಲ.

ಹಂತ 2: ದೋಣಿಯ ಭಾರವನ್ನು ಸರಿಪಡಿಸಿ

ಹೆಚ್ಚಿನ ದೋಣಿಗಳ ಒಳಬದಿಯಲ್ಲಿ ಎಷ್ಟು ಜನ, ಎಷ್ಟು ತೂಕ ಎಂದು ಬರೆದ ತಗಡಿನ ಫಲಕವಿರುತ್ತದೆ. ಅದು ಶಾಂತ ನೀರಿಗೆ ಕೊಟ್ಟ ಗರಿಷ್ಠ ಮಿತಿ. ಅಲೆಯಿರುವ ದಿನ ಅದಕ್ಕಿಂತ ಸಾಕಷ್ಟು ಕಡಿಮೆ ಹೊರೆಯಿರಲಿ. ನೀರಿನ ಮಟ್ಟದಿಂದ ದೋಣಿಯ ಮೇಲಂಚಿನವರೆಗಿನ ಎತ್ತರವೇ ಅಲೆಗೂ ನಿಮಗೂ ನಡುವೆ ಇರುವ ಗೋಡೆ, ಪ್ರತಿಯೊಂದು ಹೆಚ್ಚುವರಿ ಸಾಮಾನೂ ಆ ಗೋಡೆಯನ್ನು ತಗ್ಗಿಸುತ್ತದೆ. ಬ್ಯಾಟರಿ, ಇಂಧನದ ಡಬ್ಬಿ ಮೊದಲಾದ ಭಾರದ ವಸ್ತುಗಳನ್ನು ತಳದಲ್ಲಿ, ಸಾಧ್ಯವಾದಷ್ಟು ನಡುವೆ ಇಟ್ಟು ಕಟ್ಟಿಬಿಡಿ.

ದೋಣಿಯೊಳಗೆ ಬಂದ ನೀರನ್ನು ಅನೇಕರು ಹಗುರವಾಗಿ ನೋಡುತ್ತಾರೆ. ಲೆಕ್ಕ ಹಾಕಿ ನೋಡಿ: ಮೂರೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲದ ಚಪ್ಪಟೆ ತಳದಲ್ಲಿ ಕೇವಲ 5 ಸೆಂ.ಮೀ. ನೀರು ನಿಂತರೆ ಅದರ ತೂಕ 175 ಕಿಲೋ. ಇಬ್ಬರು ದೊಡ್ಡವರು ಹೆಚ್ಚಾಗಿ ಹತ್ತಿ ಕೂತ ಹಾಗಾಯಿತು. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ದೋಣಿ ವಾಲಿದ ಕಡೆಗೇ ಆ ನೀರೆಲ್ಲ ಓಡಿ ವಾಲುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಆದ್ದರಿಂದ ಪಾದ ನೆನೆಯುವಷ್ಟು ನೀರು ಬಂದ ಕೂಡಲೇ ಗಾಳವನ್ನು ಬದಿಗಿಟ್ಟು ಮೊಗೆಯಲು ಆರಂಭಿಸಬೇಕು.

ಹಂತ 3: ದಾರಿ ಆರಿಸಿಕೊಳ್ಳಿ, ದಡದಲ್ಲಿರುವವರಿಗೆ ತಿಳಿಸಿ

ಅಲೆ ಎಷ್ಟು ಎತ್ತರವಾಗುತ್ತದೆ ಎಂಬುದು ಗಾಳಿಯ ವೇಗ, ಅದು ಬೀಸುತ್ತಿರುವ ಅವಧಿ ಮತ್ತು ಅಡೆತಡೆಯಿಲ್ಲದೆ ನೀರಿನ ಮೇಲೆ ಅದು ಓಡಿ ಬರುವ ದೂರ, ಈ ಮೂರನ್ನು ಅವಲಂಬಿಸಿದೆ. ಮೂರನೆಯದನ್ನು ಗಾಳಿಯ ಓಟ ಎನ್ನೋಣ. ಒಂದೇ ಗಾಳಿಗೆ ಸರೋವರದ ಒಂದು ತುದಿಯಲ್ಲಿ ನೀರು ನುಣುಪಾಗಿಯೂ, ಹತ್ತು ಕಿ.ಮೀ. ಆಚೆಯ ತುದಿಯಲ್ಲಿ ಮೊಣಕಾಲೆತ್ತರದ ಅಲೆಗಳಾಗಿಯೂ ಇರಲು ಇದೇ ಕಾರಣ. ಗಾಳಿ ಬರುವ ಕಡೆಯ ದಡದಲ್ಲಿ ನಿಂತು ನೀರು ನೋಡಿ ಧೈರ್ಯ ಮಾಡುವವರು ಮೋಸಹೋಗುತ್ತಾರೆ. ಆಳ ಕಡಿಮೆಯಿರುವ ಕಡೆ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ಸಣ್ಣ ದೋಣಿಗೆ ಎತ್ತರದ ಅಲೆಗಿಂತ ಈ ಕಡಿದಾದ ಅಲೆಯೇ ಹೆಚ್ಚು ಕಷ್ಟ ಕೊಡುತ್ತದೆ.

ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ, ಮರಳುವಾಗ ಗಾಳಿಯೊಡನೆ ಬನ್ನಿ. ಎಂಜಿನ್ ಕೆಟ್ಟರೂ ಬ್ಯಾಟರಿ ಮುಗಿದರೂ ಗಾಳಿಯೇ ನಿಮ್ಮನ್ನು ಹೊರಟ ಕಡೆಗೆ ತಂದು ಮುಟ್ಟಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಗಾಳಿಯ ಜೊತೆಗೆ ಹಾಯಾಗಿ ಹೋಗಿ, ಸಂಜೆ ಬಲ ಹೆಚ್ಚಿದ ಗಾಳಿಗೆ ಎದುರಾಗಿ ಮರಳಬೇಕಾಗಿ ಬರುವುದು ಹೊಸಬರ ಅತ್ಯಂತ ಸಾಮಾನ್ಯ ತಪ್ಪು. ತೆರೆದ ನೀರನ್ನು ಅಡ್ಡಹಾಯುವ ಬದಲು ಸ್ವಲ್ಪ ಸುತ್ತಾದರೂ ದಡದ ಅಂಚಿನಲ್ಲೇ ಸಾಗುವುದು ಮೇಲು. ಯಾವ ಕಡೆ ಹೋಗುತ್ತೀರಿ, ಎಷ್ಟು ಗಂಟೆಗೆ ಮರಳುತ್ತೀರಿ, ಅಷ್ಟು ಹೊತ್ತಿಗೆ ಬಾರದಿದ್ದರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನು ದಡದಲ್ಲಿರುವ ಒಬ್ಬರಿಗೆ ಹೇಳಿಯೇ ಹೊರಡಿ.

ಹಂತ 4: ಅಲೆಗಳ ನಡುವೆ ದೋಣಿ ನಡೆಸುವುದು

ಎದುರಿನಿಂದ ಬರುವ ಅಲೆಗೆ ದೋಣಿಯ ಮೂತಿಯನ್ನು ನೇರವಾಗಿ ಕೊಡದೆ, ಸುಮಾರು 45 ಡಿಗ್ರಿಯಷ್ಟು ಓರೆಯಾಗಿ, ನಿಧಾನವಾಗಿ ಹತ್ತಿಸಿ. ನೇರವಾಗಿ ವೇಗದಲ್ಲಿ ಹೋದರೆ ಮೂತಿ ಮೇಲೆದ್ದು ದಪ್ಪನೆ ಬೀಳುತ್ತದೆ, ಕೆಲವೊಮ್ಮೆ ಮುಂದಿನ ಅಲೆಯೊಳಗೇ ನುಗ್ಗುತ್ತದೆ. ಪಕ್ಕಕ್ಕೆ ಅಲೆ ಬಡಿಯುವಂತೆ ಎಂದೂ ನಿಲ್ಲಬೇಡಿ. ತಿರುಗಲೇಬೇಕಾದಾಗ ಅಲೆಗಳ ಸಾಲನ್ನು ಗಮನಿಸಿ, ದೊಡ್ಡ ಅಲೆಗಳು ದಾಟಿಹೋಗಿ ನೀರು ತುಸು ಸಮನಾದ ಗಳಿಗೆಯಲ್ಲಿ ಒಮ್ಮೆಲೇ ತಿರುಗಿಸಿ.

ಗಾಳಿ ಹಿಂದಿನಿಂದ ಬರುವಾಗ ಪ್ರಯಾಣ ಸುಗಮವೆನಿಸಿದರೂ ಅಪಾಯ ಹೆಚ್ಚು. ಅಲೆಯ ನೆತ್ತಿಯಿಂದ ಇಳಿಯುವ ದೋಣಿ ವೇಗ ಪಡೆದು, ಮೂತಿ ಮುಂದಿನ ಅಲೆಗೆ ಚುಚ್ಚಿಕೊಂಡು, ಹಿಂಭಾಗ ಪಕ್ಕಕ್ಕೆ ಹೊರಳಿ ಅಡ್ಡಬೀಳಬಹುದು. ಮುಂದಿನ ಅಲೆಯ ಬೆನ್ನ ಮೇಲೆಯೇ ಇರುವಂತೆ ವೇಗವನ್ನು ಹೊಂದಿಸಿಕೊಳ್ಳಿ, ಕೂರುವವರು ತುಸು ಹಿಂದೆ ಸರಿದು ಮೂತಿ ಹಗುರವಾಗಿರಲಿ. ಥಟ್ಟನೆ ಎಂಜಿನ್ ನಿಧಾನ ಮಾಡಬೇಡಿ, ಹಿಂದಿನ ಅಲೆ ಹಿಂಬದಿಯ ಅಂಚನ್ನು ದಾಟಿ ಒಳಗೆ ಬರುತ್ತದೆ.

ಎಂಜಿನ್ ಇದ್ದರೆ ಅದರ ಕಿಲ್ ಸ್ವಿಚ್ಚಿನ ದಾರ, ಅಂದರೆ ನಡೆಸುವವರು ಬಿದ್ದ ಕೂಡಲೇ ಎಂಜಿನ್ ನಿಲ್ಲಿಸುವ ಕೊಂಡಿ, ಮೈಗೆ ಸಿಕ್ಕಿಸಿಕೊಂಡಿರಲೇಬೇಕು.

ಹಂತ 5: ಗಾಳಿಯಲ್ಲಿ ದೋಣಿಯನ್ನು ನಿಲ್ಲಿಸಿಕೊಳ್ಳುವುದು

ಈ ಹಂತದಲ್ಲಿ ನಿಧಾನವಾಗಿ ಓದಿ, ಏಕೆಂದರೆ ಗಾಳಿಯ ದಿನ ಮೀನು ಸಿಗದಿರುವುದಕ್ಕೂ ಅಪಘಾತ ಆಗುವುದಕ್ಕೂ ಬಹುಪಾಲು ಇಲ್ಲಿಯ ತಪ್ಪುಗಳೇ ಕಾರಣ. ನಿಲ್ಲಿಸಲು ಮೂರು ಸಾಧನಗಳಿವೆ.

ಒಂದನೆಯದು ಟ್ರೋಲಿಂಗ್ ಮೋಟರ್, ಅಂದರೆ ಸದ್ದಿಲ್ಲದೆ ನಿಧಾನವಾಗಿ ನಡೆಸುವ ಬ್ಯಾಟರಿಯ ಚಿಕ್ಕ ಮೋಟರ್. ಇದರ ಬಲವನ್ನು ಪೌಂಡ್ ಲೆಕ್ಕದಲ್ಲಿ ಹೇಳುವುದು ರೂಢಿ. ಜನ ಮತ್ತು ಸಾಮಾನು ಸೇರಿದ ಒಟ್ಟು ತೂಕದ ಪ್ರತಿ 100 ಪೌಂಡ್‌ಗೆ ಕನಿಷ್ಠ 2 ಪೌಂಡ್ ನೂಕುಬಲ ಬೇಕೆಂಬುದು ಸಾಮಾನ್ಯ ಲೆಕ್ಕ. 400 ಕಿಲೋ ತೂಗುವ ಭರ್ತಿ ದೋಣಿಗೆ ಸುಮಾರು 18 ಪೌಂಡ್ ಆಯಿತು. ಆದರೆ ಇದು ಶಾಂತ ನೀರಿನ ಮಾತು, ಗಾಳಿಗೆ ಅದರ ಎರಡು ಪಟ್ಟಾದರೂ ಇರಲಿ. ಮೋಟರನ್ನು ಮೂತಿಯಲ್ಲಿ ಕಟ್ಟಿದರೆ ಅದು ದೋಣಿಯನ್ನು ಮುಂದಿನಿಂದ ಎಳೆಯುತ್ತದೆ, ದೋಣಿ ತಾನಾಗಿಯೇ ಗಾಳಿಗೆ ಮುಖಮಾಡಿ ನಿಲ್ಲುತ್ತದೆ. ಹಿಂಭಾಗದಲ್ಲಿ ಕಟ್ಟಿದ ಮೋಟರಿನವರು ಹಿಂದುಹಿಂದಾಗಿ ಗಾಳಿಗೆ ಎದುರು ಹೋಗುವ ಅಭ್ಯಾಸ ಮಾಡಿಕೊಂಡಿರುತ್ತಾರೆ. ಅಲೆಯಿರುವ ದಿನ ಅದನ್ನು ಬಿಡಲೇಬೇಕು, ಏಕೆಂದರೆ ದೋಣಿಯ ಹಿಂಬದಿ ತಗ್ಗಾಗಿರುತ್ತದೆ ಮತ್ತು ಮೂತಿಯ ಹಾಗೆ ಅಲೆಯನ್ನು ಸೀಳುವುದಿಲ್ಲ. ಮೂತಿ ಏರಿಳಿಯುವಾಗ ಮೋಟರಿನ ರೆಕ್ಕೆ ನೀರಿನಿಂದ ಹೊರಬಂದು ಗರಗರ ಸದ್ದು ಮಾಡಿದರೆ ಅದನ್ನು ಇನ್ನಷ್ಟು ಆಳಕ್ಕೆ ಇಳಿಸಿ. ಇಳಿಸಿದ ಮೇಲೂ ಸದ್ದು ನಿಲ್ಲದಿದ್ದರೆ ಅಲೆ ನಿಮ್ಮ ದೋಣಿಯ ಮಿತಿ ಮೀರಿದೆ ಎಂದೇ ತಿಳಿಯಬೇಕು.

ಎರಡನೆಯದು ಡ್ರಿಫ್ಟ್ ಸಾಕ್. ನೀರು ತುಂಬಿಕೊಂಡು ಹಿಡಿದೆಳೆಯುವ ಈ ಚೀಲ ದೋಣಿ ತೇಲಿಹೋಗುವ ವೇಗವನ್ನು ಬಹಳಷ್ಟು ತಗ್ಗಿಸುತ್ತದೆ. ಮೋಟರ್ ಇಲ್ಲದವರಿಗೂ, ಬ್ಯಾಟರಿ ಉಳಿಸಬೇಕಾದವರಿಗೂ ಇದಕ್ಕಿಂತ ಉತ್ತಮ ಸಾಧನವಿಲ್ಲ ಎಂಬುದು ನನ್ನ ಅಭಿಪ್ರಾಯ. ದೊಡ್ಡ ದೋಣಿಯವರು ಇದನ್ನು ನಡುಬದಿಗೆ ಕಟ್ಟಿ ಅಡ್ಡಡ್ಡಲಾಗಿ ತೇಲುತ್ತಾರೆ. ಸಣ್ಣ ದೋಣಿಯವರು ಮಾತ್ರ ಮೂತಿಯ ಕೊಂಡಿಗೇ ಕಟ್ಟಬೇಕು. ಆಗ ಮೂತಿ ಗಾಳಿಗೆ ಎದುರಾಗಿ ನಿಂತು, ದೋಣಿ ಹಿಂದಕ್ಕೆ ನಿಧಾನವಾಗಿ ಜರುಗುತ್ತದೆ. ಚೀಲದ ಕಿರಿದಾದ ತುದಿಗೆ ಇನ್ನೊಂದು ತೆಳ್ಳನೆಯ ಹಗ್ಗ ಕಟ್ಟಿಕೊಂಡರೆ, ಅದನ್ನು ಎಳೆದಾಗ ನೀರು ಖಾಲಿಯಾಗಿ ಚೀಲ ಸುಲಭವಾಗಿ ಕೈಗೆ ಬರುತ್ತದೆ. ಎಂಜಿನ್ ಚಾಲೂ ಮಾಡುವ ಮೊದಲು ಚೀಲ ಮತ್ತು ಎರಡೂ ಹಗ್ಗ ಒಳಗೆ ಬಂದಿವೆಯೇ ಎಂದು ಕಣ್ಣಾರೆ ನೋಡಿ.

ಮೂರನೆಯದು ಲಂಗರು. ಲಂಗರಿನ ಹಗ್ಗವನ್ನು ಎಂದೆಂದಿಗೂ ಮೂತಿಗೇ ಕಟ್ಟಬೇಕು. ಹಿಂಭಾಗಕ್ಕೆ ಕಟ್ಟಿದರೆ ಎಂಜಿನ್ನಿನ ಭಾರದಿಂದ ಮೊದಲೇ ತಗ್ಗಿರುವ ಹಿಂಬದಿ ಇನ್ನೂ ಕೆಳಗೆ ಎಳೆಯಲ್ಪಟ್ಟು, ಒಂದೆರಡು ಅಲೆಗೇ ದೋಣಿಯೊಳಗೆ ನೀರು ತುಂಬಬಹುದು. ಸಣ್ಣ ದೋಣಿಗಳು ಮುಳುಗುವುದಕ್ಕೆ ಇದೊಂದು ಹಳೆಯ, ಚೆನ್ನಾಗಿ ಗೊತ್ತಿರುವ ಕಾರಣ. ಹಗ್ಗದ ಉದ್ದ ಆಳದ ಐದರಿಂದ ಏಳು ಪಟ್ಟು ಇರಲಿ: 4 ಮೀಟರ್ ಆಳಕ್ಕೆ 20ರಿಂದ 28 ಮೀಟರ್. ಹಗ್ಗ ಗಿಡ್ಡವಾದರೆ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತುಬರುತ್ತದೆ, ಇಲ್ಲವೇ ಅಲೆ ಎತ್ತುವಾಗ ಮೂತಿಯನ್ನು ಕೆಳಕ್ಕೆ ಜಗ್ಗುತ್ತದೆ. ಹಗ್ಗದ ಕೊನೆಗೆ ಒಂದು ತೇಲುಬುರುಡೆ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿಕೊಳ್ಳಿ. ಅವಸರದಲ್ಲಿ ಹೊರಡಬೇಕಾದಾಗ ಹಗ್ಗವನ್ನು ನೀರಿಗೇ ಬಿಟ್ಟು ಹೋಗಬಹುದು, ನೀರು ಶಾಂತವಾದ ಮೇಲೆ ಬಂದು ಎತ್ತಿಕೊಳ್ಳಬಹುದು.

ಗಾಳಿ ಬಂದು ತಾಗುವ ದಡದಲ್ಲಿ ಹಿಡಿಯುವಾಗ ದೋಣಿಯನ್ನು ದಡದಿಂದ ಒಂದು ಪೂರ್ಣ ಎಸೆತದಷ್ಟು ದೂರವೇ ನಿಲ್ಲಿಸಿ. ಮೋಟರ್ ನಿಂತುಹೋದರೆ ಹುಟ್ಟು ಕೈಗೆತ್ತಿಕೊಂಡು ದೋಣಿಯನ್ನು ತಿರುಗಿಸಲು ಬೇಕಾದ ಸಮಯ ಆ ದೂರದಲ್ಲಿದೆ.

ಹಂತ 6: ಎಲ್ಲಿ, ಯಾವ ಎರೆ, ಹೇಗೆ ಎಸೆಯುವುದು

ಮೊದಲು ಹುಡುಕಬೇಕಾದದ್ದು ನೀರಿನೊಳಕ್ಕೆ ಚಾಚಿಕೊಂಡ ನೆಲದ ಮೂತಿಗಳನ್ನು. ಗಾಳಿಯಿಂದ ಹುಟ್ಟಿದ ಹರಿವು ಅಂಥ ಮೂತಿಯನ್ನು ಬಳಸಿಕೊಂಡು ಹೋಗುವಾಗ ಅದರ ಮರೆಯಲ್ಲಿ ನೀರು ನಿಧಾನವಾಗಿ ಸುತ್ತುತ್ತದೆ. ಬಾಸ್ ಆ ಮರೆಯ ಅಂಚಿನಲ್ಲಿ, ಹರಿವಿಗೆ ಮುಖಮಾಡಿ, ತೇಲಿಬರುವ ಮರಿಮೀನುಗಳನ್ನು ಕಾಯುತ್ತಿರುತ್ತದೆ. ಎರಡನೆಯದು ಕೆಸರಿನ ಗೆರೆ. ಅಲೆ ಬಡಿದು ದಡದ ಮಣ್ಣು ಕದಡಿದಾಗ ಕಲಕು ನೀರಿಗೂ ತಿಳಿನೀರಿಗೂ ನಡುವೆ ಸ್ಪಷ್ಟವಾದ ಗೆರೆ ಕಾಣುತ್ತದೆ. ಮೀನು ಕಲಕಿನ ಒಳಗೆ ಅಡಗಿ ತಿಳಿನೀರಿನ ಕಡೆಗೆ ಹೊಂಚುಹಾಕುವುದರಿಂದ ಗೆರೆಯ ಉದ್ದಕ್ಕೂ ಎರೆಯನ್ನು ಎಳೆಯಬೇಕು. ಮೂರನೆಯದು ನೀರಿನಲ್ಲಿ ಮುಳುಗಿದ ಮರ, ಕಂಬ ಮತ್ತು ಜೊಂಡು.

ಎರೆಯ ವಿಷಯಕ್ಕೆ ಬಂದರೆ, ಕದಡಿದ ಮೇಲ್ಮೈಯ ಕೆಳಗೆ ಮೀನು ಕಣ್ಣಿನಷ್ಟೇ ಕಂಪನವನ್ನೂ ನಂಬುತ್ತದೆ. ಮೀನಿನ ಪಕ್ಕೆಯುದ್ದಕ್ಕೂ ಇರುವ ಸೂಕ್ಷ್ಮ ಗ್ರಾಹಕಗಳ ಸಾಲು ನೀರಿನ ಅಲುಗಾಟವನ್ನು ಗ್ರಹಿಸುತ್ತದೆ. ಆದ್ದರಿಂದ ತಿರುಗುವ ತಗಡಿನ ಎಲೆಗಳಿರುವ ಸ್ಪಿನ್ನರ್‌ಬೇಟ್ ಅಥವಾ ತಲೆಯ ಮುಂದೆ ಅದುರುವ ತಗಡಿರುವ ಜಿಗ್ (ಭಾರದ ತಲೆ ಕೂರಿಸಿದ ಕೊಕ್ಕೆ) ಗಾಳಿಯ ದಿನದ ಮೊದಲ ಆಯ್ಕೆ. 10ರಿಂದ 14 ಗ್ರಾಂ ತೂಕ ಸಾಕು. ಹಗುರವಾದದ್ದು ಗಾಳಿಗೆ ತೂರಿಹೋಗುತ್ತದೆ, ತೀರ ಭಾರವಾದದ್ದು ತಳಕ್ಕೆ ಸಿಕ್ಕಿಕೊಳ್ಳುತ್ತದೆ. ದುಂಡು ಎಲೆ ಹೆಚ್ಚು ಕಂಪಿಸುವುದರಿಂದ ಕೆಸರು ನೀರಿಗೆ, ಉದ್ದನೆಯ ಎಲೆ ಹೆಚ್ಚು ಮಿನುಗುವುದರಿಂದ ತಿಳಿನೀರಿಗೆ ಹೊಂದುತ್ತದೆ. ಇವುಗಳಲ್ಲಿ ಒಂದೇ ಕೊಕ್ಕೆ ಇರುವುದು ಇನ್ನೊಂದು ಅನುಕೂಲ, ಓಲಾಡುವ ದೋಣಿಯಲ್ಲಿ ಮೂರು ಮೊನೆಯ ಕೊಕ್ಕೆಗಳನ್ನು ಬಿಡಿಸುವುದು ಕೈಗೆ ಅಪಾಯಕರ.

ದಾರಗಳಲ್ಲಿ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ಕಿನದು ನೀರಿಗಿಂತ ಭಾರವಾದ್ದರಿಂದ ಮುಳುಗಿ ಗಾಳಿಗೆ ಕಡಿಮೆ ಸಿಗುತ್ತದೆ. ಹೆಣೆದ ದಾರ ಬಲವಾದದ್ದಾದರೂ ತೇಲುತ್ತದೆ, ಗಾಳಿಗೆ ಬಾಗುತ್ತದೆ. ದಾರ ಬಾಗಿದರೆ ಮೀನು ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ. ಕೋಲಿನ ತುದಿಯನ್ನು ನೀರಿನ ಸಮೀಪಕ್ಕೆ ಇಳಿಸಿ ಎಳೆಯುವುದೇ ಇದಕ್ಕೆ ಪರಿಹಾರ. ಕಚ್ಚಿದ್ದು ಗೊತ್ತಾದ ಕೂಡಲೇ ಕೋಲನ್ನು ಜಗ್ಗಬೇಡಿ, ಮೊದಲು ರೀಲ್ ಸುತ್ತಿ ಸಡಿಲ ತೆಗೆದು, ಭಾರ ಕೈಗೆ ಸಿಕ್ಕ ಮೇಲೆ ಜಗ್ಗಿ.

ಎಸೆತ ತಗ್ಗಾಗಿ, ಪಕ್ಕದಿಂದ ಇರಲಿ. ಎತ್ತರಕ್ಕೆ ಹೋದ ಎರೆ ಗಾಳಿಯ ಪಾಲು. ಅಡ್ಡ ಸುರುಳಿಯ ಬೇಟ್‌ಕಾಸ್ಟಿಂಗ್ ರೀಲ್ ಬಳಸುವವರು ಎದುರುಗಾಳಿಗೆ ಎಸೆಯುವ ಮೊದಲು ಅದರ ಬ್ರೇಕ್ ಹೆಚ್ಚಿಸಿಕೊಳ್ಳಬೇಕು. ಎರೆಯ ವೇಗ ಗಾಳಿಯಿಂದ ಕುಗ್ಗಿದರೂ ಸುರುಳಿ ತಿರುಗುತ್ತಲೇ ಇದ್ದು ದಾರವೆಲ್ಲ ಗೋಜಲಾಗುತ್ತದೆ. ಗೋಜಲು ಬಿಡಿಸುತ್ತ ತಲೆ ತಗ್ಗಿಸಿ ಕೂತಾಗಲೇ ದೋಣಿ ಅಡ್ಡ ತಿರುಗಿರುತ್ತದೆ. ಹಾಗಾದಾಗ ಮೊದಲು ದೋಣಿಯನ್ನು ಸರಿಪಡಿಸಿ, ಗೋಜಲನ್ನು ಆಮೇಲೆ ನೋಡಿಕೊಳ್ಳಿ.

ಎಸೆತವೂ ಕೂತೇ ನಡೆಯಲಿ. ಇಬ್ಬರಿದ್ದರೆ ಒಬ್ಬರು ಎಸೆಯುವಾಗ ಇನ್ನೊಬ್ಬರು ಸುಮ್ಮನಿರಬೇಕು, ಒಂದೇ ಬದಿಗೆ ಇಬ್ಬರೂ ಬಾಗಬಾರದು.

ಹಂತ 7: ಮಳೆ ಬಂದಾಗ ಮತ್ತು ಮಳೆ ನಿಂತ ಮೇಲೆ

ಸಣ್ಣ ಮಳೆ ಒಳ್ಳೆಯದು. ಜೋರು ಮಳೆಯ ನಂತರ ಹಳ್ಳಗಳು ಸೇರುವ ಬಾಯಿಗಳಲ್ಲಿ ಹುಳುಹುಪ್ಪಟೆ ಕೊಚ್ಚಿಬರುವುದರಿಂದ ಮೀನು ಸೇರುತ್ತದೆ. ನೀರು ತೀರ ಕೆಂಪಾದರೆ ಬಾಸ್ ಆಳ ಕಡಿಮೆಯಿರುವ ಕಡೆ ಮರ, ಜೊಂಡು, ಬಂಡೆಗೆ ಒತ್ತಿಕೊಂಡಿರುತ್ತದೆ. ಆಗ ಕಪ್ಪು ಅಥವಾ ಕಡುನೀಲಿಯ, ಗಾತ್ರದಲ್ಲಿ ದೊಡ್ಡದಾದ ಎರೆಯನ್ನು ಆಸರೆಯ ಪಕ್ಕದಲ್ಲೇ ಹಾಯಿಸಿ ನಿಧಾನವಾಗಿ ಎಳೆಯಿರಿ. ತೇಲಿಬರುವ ಮರದ ದಿಮ್ಮಿಗಳ ಬಗ್ಗೆ ಎಚ್ಚರವಿರಲಿ, ಅರ್ಧ ಮುಳುಗಿದ ದಿಮ್ಮಿ ಕೆಸರು ನೀರಿನಲ್ಲಿ ಕಾಣುವುದೇ ಇಲ್ಲ.

ಮಳೆ ಹೋಗಿ ಆಕಾಶ ಶುಭ್ರವಾಗಿ ತಂಪು ಗಾಳಿ ಬೀಸತೊಡಗಿದ ಮಾರನೆಯ ದಿನ ಮೀನು ಮಂಕಾಗುತ್ತದೆ. ವಾಯುಭಾರ ಏರುವುದೇ ಇದಕ್ಕೆ ಕಾರಣ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ವಾಯುಭಾರ ಅಳೆಯುವ ಮಾನವಾದ ಹೆಕ್ಟೋಪ್ಯಾಸ್ಕಲ್ ಲೆಕ್ಕದಲ್ಲಿ 1 ಹೆಕ್ಟೋಪ್ಯಾಸ್ಕಲ್ ಒತ್ತಡವೆಂದರೆ ನೀರಿನಲ್ಲಿ ಸುಮಾರು 1 ಸೆಂ.ಮೀ. ಆಳಕ್ಕೆ ಸಮ. ವಾಯುಭಾರ 20 ಹೆಕ್ಟೋಪ್ಯಾಸ್ಕಲ್ ಏರಿದರೂ ಮೀನು 20 ಸೆಂ.ಮೀ. ಮೇಲೆ ಬಂದರೆ ಆ ವ್ಯತ್ಯಾಸ ಇಲ್ಲವಾಗುತ್ತದೆ. ಹಾಗಾಗಿ ಪ್ರಖರ ಬೆಳಕು ಮತ್ತು ತಣಿದ ನೀರಿಗೆ ಹೆಚ್ಚು ಗಮನ ಕೊಡುವುದು ಸರಿಯೆಂದು ನನಗನಿಸುತ್ತದೆ. ಅಂಥ ದಿನ ಸಣ್ಣ ಎರೆ, ತೆಳು ದಾರ, ಆಸರೆಯ ಒಳಮಗ್ಗುಲು ಮತ್ತು ತಾಳ್ಮೆ, ಇಷ್ಟೇ ಉಪಾಯ.

ಹಂತ 8: ಗುಡುಗು ಕೇಳಿದ ಕೂಡಲೇ ದಡಕ್ಕೆ

ಇಲ್ಲಿ ಯಾವ ರಿಯಾಯಿತಿಯೂ ಇಲ್ಲ. ತೆರೆದ ನೀರಿನ ಮೇಲೆ ಅತ್ಯಂತ ಎತ್ತರದ ವಸ್ತು ನೀವೇ ಆಗಿರುತ್ತೀರಿ, ಕೈಯಲ್ಲಿರುವ ಗ್ರಾಫೈಟ್ ಕೋಲು ವಿದ್ಯುತ್ತನ್ನು ಚೆನ್ನಾಗಿ ಹರಿಸುವ ವಸ್ತು. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ದೂರ ಕಿ.ಮೀ.ಗಳಲ್ಲಿ ಸಿಗುತ್ತದೆ. ಮೂವತ್ತು ಸೆಕೆಂಡು ಎಂದರೆ 10 ಕಿ.ಮೀ. ಆದರೆ ಮಳೆಯ ಮೋಡದಿಂದ ಹದಿನೈದು ಕಿ.ಮೀ. ಆಚೆಗೂ ಸಿಡಿಲು ಬಡಿಯಬಲ್ಲದು, ನೀವು ದಡ ಸೇರಲೂ ಸಮಯ ಬೇಕು. ಆದ್ದರಿಂದ ಲೆಕ್ಕ ಹಾಕುತ್ತ ಕೂರದೆ ಮೊದಲ ಗುಡುಗಿಗೇ ಹೊರಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮತ್ತೆ ನೀರಿಗಿಳಿಯಬೇಡಿ, ಒಂಟಿ ಮರದ ಕೆಳಗೂ ನಿಲ್ಲಬೇಡಿ.

ಸೆಕೆಯ ದಿನ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಮುಖಕ್ಕೆ ತಾಗಿದರೆ, ದೂರದ ನೀರಿನ ಮೇಲೆ ಕಪ್ಪು ಪಟ್ಟಿಯೊಂದು ನಿಮ್ಮ ಕಡೆ ಸರಿದು ಬರುತ್ತಿದ್ದರೆ, ಬಿರುಗಾಳಿ ಮಳೆಗಿಂತ ಮುಂಚೆ ಬರುತ್ತಿದೆ ಎಂದರ್ಥ. ಹೊರಟ ಜಾಗಕ್ಕೇ ಹೋಗಬೇಕೆಂಬ ಹಟ ಬೇಡ, ಹತ್ತಿರದ ಯಾವುದೇ ದಡ ಸಾಕು.

ಹಂತ 9: ಮೀನನ್ನು ದೋಣಿಯ ಪಕ್ಕಕ್ಕೆ ತಂದಾಗ

ಮೀನು ಸಿಕ್ಕ ಸಂಭ್ರಮದಲ್ಲಿ ಎದ್ದು ನಿಂತು ಅಂಚಿಗೆ ಬಾಗುವವರೇ ಹೆಚ್ಚಾಗಿ ನೀರಿಗೆ ಬೀಳುತ್ತಾರೆ. ಕೂತಲ್ಲಿಂದಲೇ, ಉದ್ದ ಹಿಡಿಯ ಬಲೆಯಿಂದ, ಗಾಳಿಯ ಮರೆಯ ಬದಿಯಲ್ಲಿ ಎತ್ತಿಕೊಳ್ಳಿ. ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಒಣಗೈ ಮೀನಿನ ಮೈಮೇಲಿನ ಲೋಳೆಯ ರಕ್ಷಣೆಯನ್ನು ಕಿತ್ತುಹಾಕುತ್ತದೆ. ದೊಡ್ಡ ಬಾಸನ್ನು ಬರೀ ದವಡೆ ಹಿಡಿದು ನೇತಾಡಿಸಬೇಡಿ, ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ. ಬಿಟ್ಟುಬಿಡುವ ಮೀನನ್ನು ಬೇಗ ಬಿಡಿ. 10 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಬಿಸಿ ದಿನಗಳಲ್ಲಿ ಬಕೆಟ್ಟಿನಲ್ಲಿಟ್ಟ ಮೀನು ಬೇಗ ಸಾಯುವುದು ಈ ಕಾರಣದಿಂದ.

ಹಂತ 10: ನೀರಿಗೆ ಬಿದ್ದರೆ

ನೀರು 15 ಡಿಗ್ರಿಗಿಂತ ತಣ್ಣಗಿದ್ದರೆ ಬಿದ್ದ ಕ್ಷಣ ಉಸಿರು ತಾನಾಗಿಯೇ ಏದುಸಿರಾಗುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಪ್ರಚಾರಕ್ಕೆ ತಂದ 1-10-1 ಎಂಬ ಸೂತ್ರವನ್ನು ನೆನಪಿಡಿ. ಕೊರೆಯುವ ನೀರಿನಲ್ಲಿ ಉಸಿರಾಟವನ್ನು ಹತೋಟಿಗೆ ತಂದುಕೊಳ್ಳಲು 1 ನಿಮಿಷ, ಕೈಕಾಲು ಉಪಯೋಗಕ್ಕೆ ಬರುವುದು ಸುಮಾರು 10 ನಿಮಿಷ, ಮೈ ತಣಿದು ಎಚ್ಚರ ತಪ್ಪಲು ಸುಮಾರು 1 ಗಂಟೆ. ಲೈಫ್ ಜಾಕೆಟ್ ಇಲ್ಲದವರು ಮೊದಲ ನಿಮಿಷದಲ್ಲೇ ನೀರು ಕುಡಿದು ಮುಳುಗಬಹುದು.

ಮೊದಲು ತಲೆಯನ್ನು ನೀರಿನಿಂದ ಮೇಲಿಟ್ಟುಕೊಂಡು ಉಸಿರು ಸರಿಹೋಗುವವರೆಗೆ ಸುಮ್ಮನೆ ತೇಲಿ. ಆಮೇಲೆ ದೋಣಿಗೆ ಮರಳಿ. ಎಂಜಿನ್ ನಿಂತಿದ್ದರೆ ಹಿಂಬದಿಯಿಂದ ಹತ್ತಿ, ಪಕ್ಕದಿಂದ ಹತ್ತಲು ಹೋದರೆ ದೋಣಿಯೇ ಮಗುಚಬಹುದು. ದೋಣಿ ಮಗುಚಿದ್ದರೆ ಅದನ್ನು ಹಿಡಿದುಕೊಂಡೇ ಇರಿ, ಆದಷ್ಟು ಮೈಯನ್ನು ಅದರ ಮೇಲೆ ಎಳೆದುಕೊಳ್ಳಿ. ದಡ ಹತ್ತಿರ ಕಂಡಿತೆಂದು ಈಜಿ ಹೊರಡುವುದು ಬೇಡ. ನೀರಿನ ಮಟ್ಟದಿಂದ ನೋಡುವಾಗ ದೂರದ ಅಂದಾಜು ತಪ್ಪುತ್ತದೆ, ಹುಡುಕುವವರಿಗೂ ಒಂಟಿ ತಲೆಗಿಂತ ದೋಣಿಯೇ ಬೇಗ ಕಾಣುತ್ತದೆ. ಸೀಟಿಯನ್ನು ಬಿಟ್ಟು ಬಿಟ್ಟು ಊದುತ್ತಿರಿ.

ಹಂತ 11: ಮರಳಿದ ಮೇಲೆ

ದೋಣಿಯ ತಳದ ನೀರನ್ನೆಲ್ಲ ಅಲ್ಲಿಯೇ ಬಸಿದು, ಮೋಟರಿಗೆ ಸುತ್ತಿದ ಜೊಂಡನ್ನು ತೆಗೆದು, ಎಲ್ಲವನ್ನೂ ಒಣಗಿಸಿಯೇ ಬೇರೆ ಕೆರೆಗೆ ಒಯ್ಯಿರಿ. ಒಂದು ಕೆರೆಯ ಗಿಡ, ಮೊಟ್ಟೆ, ಮರಿಗಳು ಇನ್ನೊಂದಕ್ಕೆ ಸಾಗುವುದು ಹೀಗೆಯೇ. ಬಾಸ್ ಉತ್ತರ ಅಮೆರಿಕದ ಮೀನು, ಬೇರೆ ಕಡೆಗಳಲ್ಲಿ ಅದು ಸ್ಥಳೀಯ ಮೀನುಗಳನ್ನು ತಿಂದು ಹಾನಿ ಮಾಡಿದ್ದಿದೆ. ಜಪಾನ್ 2005ರಿಂದ ಅದನ್ನು ಜೀವಂತವಾಗಿ ಸಾಗಿಸುವುದನ್ನೇ ನಿಷೇಧಿಸಿದೆ. ನೀವು ಹಿಡಿಯುವ ನೀರಿಗೆ ಅನ್ವಯವಾಗುವ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಿ, ಜೀವಂತ ಮೀನನ್ನು ಮಾತ್ರ ಒಂದು ಕೆರೆಯಿಂದ ಇನ್ನೊಂದಕ್ಕೆ ಎಂದೂ ಒಯ್ಯಬೇಡಿ.

ನೆನೆದ ಲೈಫ್ ಜಾಕೆಟ್ಟನ್ನು ನೆರಳಿನಲ್ಲಿ ಒಣಗಿಸಿ. ಗ್ಯಾಸಿನ ಜಾಕೆಟ್ ಒಮ್ಮೆ ಉಬ್ಬಿದ್ದರೆ ಹೊಸ ಸಿಲಿಂಡರ್ ಹಾಕುವವರೆಗೆ ಅದನ್ನು ಹೊರಡುವ ಸಾಮಾನಿನ ಜೊತೆ ಇಡಬೇಡಿ. ಲಂಗರಿನ ಹಗ್ಗವನ್ನು ಉದ್ದಕ್ಕೂ ಕೈಯಲ್ಲಿ ಸವರಿ ನೋಡಿ, ಬಂಡೆಗೆ ಉಜ್ಜಿ ಎಳೆ ಬಿಟ್ಟಿರುವ ಕಡೆ ಕತ್ತರಿಸಿ ಮತ್ತೆ ಗಂಟು ಹಾಕಿ.